ಮೂರನೆಯ ಪುಟದಲ್ಲಿ ಮಲಕಪ್ಪ

ಶೈಲಶ್ರೀ ಕೆಲಸ ಮಾಡುತ್ತಿದ್ದ ಕಂಪನಿ ಪುಣೆಯ ಕರ್ವೆ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಒಂದು ಹಳೆಯ ಕಟ್ಟಡದ ಎರಡು ಕೋಣೆಗಳಲ್ಲಿತ್ತು. ಕೆಳಗಡೆ ಬಾಕರವಡಿ ಕರಿಯುವ ಅಂಗಡಿ. ಮಧ್ಯಾಹ್ನ ಅದರ ವಾಸನೆ ಮೇಲೆ ಬಂತೆಂದರೆ ಐದೂ ಮಂದಿ ಕೀಬೋರ್ಡ್ ಬಿಟ್ಟು ಏಳುತ್ತಿದ್ದರು. ಆ ಐದು ಮಂದಿಯೇ ಇಡೀ ಕಂಪನಿ. 2001ನೇ ಇಸವಿ, ಸಣ್ಣಪುಟ್ಟ ಆಫೀಸುಗಳಿಗೂ ಈಮೇಲ್ ಹೊಸದಾಗಿ ಬರುತ್ತಿದ್ದ ಕಾಲ. ಮೇಲ್ ಓದುವ ಒಂದು ಅಗ್ಗದ ಪ್ರೋಗ್ರಾಂ ಮಾಡಿ ರಾಂಜಣಗಾಂವದ ಕಾರ್ಖಾನೆಗಳಿಗೆಲ್ಲ ಮಾರಬೇಕೆಂಬುದು ಯಜಮಾನ ಸ್ವಪ್ನಿಲ್‌ನ ಹಂಚಿಕೆ.

ಆಗಿನ ಎಷ್ಟೋ ಪ್ರೋಗ್ರಾಂಗಳಲ್ಲಿ ಮೇಲ್‌ಗಳು ಬಂದ ಹಾಗೆ ಒಂದರ ಕೆಳಗೊಂದು ಬಿದ್ದಿರುತ್ತಿದ್ದವು. ಪ್ರಶ್ನೆ ಸೋಮವಾರದಲ್ಲಿ, ಉತ್ತರ ಗುರುವಾರದಲ್ಲಿ, ನಡುವೆ ಬೇರೆಯವರ ನೂರು ಮಾತು. ಸ್ವಪ್ನಿಲ್‌ನ ಪ್ರೋಗ್ರಾಂ ಹಾಗಲ್ಲ. ಪ್ರಶ್ನೆ, ಅದಕ್ಕೆ ಬಂದ ಉತ್ತರ, ಆ ಉತ್ತರಕ್ಕೆ ಬಂದ ಉತ್ತರ ಎಲ್ಲವನ್ನೂ ಒಂದೇ ಗುಂಪಾಗಿ ಕಟ್ಟಿ, ಮಡಚಿ, ಒಂದು ಸಾಲಿನಲ್ಲಿ ಇಡುತ್ತದೆ. ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಆ ಗುಂಪು ಕಟ್ಟುವ ಭಾಗವನ್ನು ಬರೆಯುವ ಹೊಣೆ ಶೈಲಶ್ರೀಯದು. ಇಪ್ಪತ್ತೈದರ ಹುಡುಗಿ, ಪುಣೆಯಲ್ಲೇ ಹುಟ್ಟಿ ಬೆಳೆದವಳು. ಆಫೀಸಿನಲ್ಲಿ ಮರಾಠಿ, ಮನೆಯಲ್ಲಿ ಧಾರವಾಡದ ಕನ್ನಡ.

ಬರೆದದ್ದು ಸರಿಯಾಗಿದೆಯೇ ನೋಡಲು ನಿಜವಾದ ಜನ ಬೇಕಿತ್ತು. ಅವಳಿಗೆ ತಕ್ಷಣ ನೆನಪಾದದ್ದು ಬಿಂದುಮಾಧವ, ಅವಳ ತಾಯಿಯ ತಮ್ಮ.

ಬಿಂದುಮಾಧವ ತಳೇಗಾಂವ ದಾಭಾಡೆಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಆಫೀಸರ್. ಅದು ಹೊಟ್ಟೆಪಾಡು. ಅವನು ನಿಜಕ್ಕೂ ಬದುಕುತ್ತಿದ್ದದ್ದು ನಾಟಕಕ್ಕಾಗಿ. ಪ್ರತಿ ನವೆಂಬರಿನಲ್ಲಿ ತಾನೇ ಒಂದು ಹಾಸ್ಯ ನಾಟಕ ಬರೆದು, ಪುಣೆಯ ಕನ್ನಡದವರನ್ನು ಕೂಡಿಸಿ ಆಡಿಸುತ್ತಿದ್ದ. ಆ ವರ್ಷದ್ದು ‘ಸೊಸಿ ಬಂದ್ಲು ಸರೀರಿ’. ತಂಡದವರೋ ಒಬ್ಬರು ನಿಗಡಿಯಲ್ಲಿ, ಒಬ್ಬರು ಕೋಥರೂಡಿನಲ್ಲಿ, ಒಬ್ಬರು ಕೊಂಢವಾದಲ್ಲಿ. ತಾಲೀಮು ಎಲ್ಲಿ, ಯಾವಾಗ ಎಂದು ಎಲ್ಲರಿಗೂ ಮುಟ್ಟಿಸುವುದರಲ್ಲೇ ಅವನ ಅರ್ಧ ಜೀವ ಹೋಗುತ್ತಿತ್ತು.

“ಎಲ್ಲಾರ ಮನ್ಯಾಗೂ ಕಂಪ್ಯೂಟರ್ ಬಂದಾವ. ನನ್ನ ಪ್ರೋಗ್ರಾಂ ಹಾಕಿ ಕೊಡ್ತೀನಿ, ಮೇಲ್ ಮಾಡ್ಕೋರಿ” ಎಂದಳು ಶೈಲಶ್ರೀ.

“ಪುಕ್ಕಟೆ ಏನು?”

“ಪುಕ್ಕಟೆ ಮಾಮಾ. ಆದ್ರ ಎಲ್ಲಿ ಕೈ ಕೊಡ್ತದ ಅನ್ನೋದು ನನಗ ಹೇಳಬೇಕು.”

ಅದು ಮೊದಲ ವಾರವೇ ಕೈ ಕೊಟ್ಟಿತು. ಶೈಲಶ್ರೀ ಮೇಲ್‌ಗಳನ್ನು ಅವುಗಳ ತಲೆಬರಹ ನೋಡಿ ಗುಂಪು ಮಾಡಿದ್ದಳು. ತಲೆಬರಹ ಒಂದೇ ಆದರೆ ಮಾತುಕತೆಯೂ ಒಂದೇ ಎಂದು. ಆದರೆ ಇವರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರು. ‘ನಾಟಕ’ ಎಂಬುದರ ಮೊದಲಕ್ಷರಕ್ಕೆ ಬಿಂದುಮಾಧವ ಒಂದೇ ‘ಎ’ ಹಾಕಿದರೆ, ಸೊಸೆಯ ಪಾತ್ರದ ನರ್ಮದಾ ಎರಡು ಹಾಕುತ್ತಿದ್ದಳು. ಕಾಲೇಜು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಓಂಕಾರ್ ಕೊನೆಯ ‘ಎ’ಯನ್ನೇ ತಿಂದು, ಮರಾಠಿಯವರ ಹಾಗೆ ‘ನಾಟಕ್’ ಎಂದು ಮುಗಿಸುತ್ತಿದ್ದ. ಒಂದು ನಾಟಕ ಮೂರು ಗುಂಪಾಗಿ ಒಡೆದು ಕೂತಿತು. ಸಾಲದ್ದಕ್ಕೆ ಯಾರೋ ಬರೆದ ‘ನಮಸ್ಕಾರ’ ಎಂಬ ತಲೆಬರಹದೊಳಗೆ ಊರಿನ ನಮಸ್ಕಾರಗಳೆಲ್ಲ ಬಂದು ಸೇರಿಕೊಂಡವು. ಬಿಂದುಮಾಧವನ ಆಫೀಸಿನ ಆಡಿಟರ್ ಮಾಡಿದ ನಮಸ್ಕಾರ ಸಹ.

ಶೈಲಶ್ರೀ ಬೇರೆ ದಾರಿ ಹಿಡಿದಳು. ಪ್ರತಿ ಮೇಲ್‌ನ ಬೆನ್ನಿಗೆ ಓದುವವರಿಗೆ ಕಾಣದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಯಾರಾದರೂ ಅದಕ್ಕೆ ಉತ್ತರ ಬರೆದರೆ, ಆ ಉತ್ತರವು ತಾನು ಯಾವ ಮೇಲ್‌ಗೆ ಹುಟ್ಟಿದ್ದೆಂದು ಆ ಸಂಖ್ಯೆಯನ್ನು ಹೊತ್ತೇ ಬರುತ್ತದೆ. ಹಾಗಾದರೆ ತಲೆಬರಹದ ಗೊಡವೆಯೇ ಬೇಡ; ಸಂಖ್ಯೆಗಳ ಜಾಡು ಹಿಡಿದರೆ ಯಾವುದು ಯಾರ ಮಗು, ಯಾವುದು ಮೊಮ್ಮಗು ಎಂದು ತಿಳಿದೇ ತಿಳಿಯುತ್ತದೆ. ಹಾಗೆ ಮಾಡಿದ ಮೇಲೆ ಎಲ್ಲವೂ ನೆಟ್ಟಗಾಯಿತು. “ಈಗ ನೋಡು, ಮಲ್ಲಿಗಿ ಮಾಲಿ ಹಂಗ ಅದ” ಎಂದು ಮಾಮಾ ಹೊಗಳಿದ. ಗುಂಪುಗಳನ್ನು ಯಾವ ಕ್ರಮದಲ್ಲಿ ಇಡಬೇಕು ಎಂಬುದನ್ನು ಸ್ವಪ್ನಿಲ್ ಹೇಳಿದ: ಪ್ರತಿ ಗುಂಪಿನ ಮೊದಲ ಮೇಲ್ ಎಂದು ಬಂತೋ ಆ ತಾರೀಖಿನ ಪ್ರಕಾರ, ಹೊಸದು ಮೇಲೆ. ಶೈಲಶ್ರೀಗೂ ಅದು ಸರಿ ಕಂಡಿತು.

ಅಕ್ಟೋಬರ್ ಬಂತು. ತಾಲೀಮು ಬಿರುಸಾಯಿತು. ಅಷ್ಟರಲ್ಲಿ ಮಲಕಪ್ಪ ಬರುವುದನ್ನು ನಿಲ್ಲಿಸಿಬಿಟ್ಟ.

ಮಲಕಪ್ಪನಿಲ್ಲದೆ ಆ ತಂಡವೇ ಇಲ್ಲ. ಜಮಖಂಡಿಯ ಕಡೆಯಿಂದ ಹೆಂಡತಿ ಪಾರವ್ವನೊಂದಿಗೆ ಬಂದು ಕೊಂಢವಾದಲ್ಲಿ ಟೈಲ್ಸ್ ಅಂಗಡಿ ಇಟ್ಟವನು; ಬಾಗಿಲು ತುಂಬುವಂಥ ಆಳು, ಅಂಗಡಿಯಲ್ಲಿ ಮಾತಾಡಿದರೆ ಬಸ್ ಸ್ಟಾಪಿಗೆ ಕೇಳುವಂಥ ದನಿ. ನಾಟಕದಲ್ಲಿ ಪ್ರತಿ ವರ್ಷ ಅತ್ತೆಯ ಪಾತ್ರ ಅವನದೇ. ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ರಂಗದ ಮೇಲೆ ಬಂದು ಆ ದನಿಯಲ್ಲಿ “ಯಾಂವಲೇ ಅಂವಾ?” ಎಂದರೆ ಸಾಕು, ಮುಂದಿನ ಮಾತಿಗೆ ಜನ ನಗು ನಿಲ್ಲಿಸುವ ತನಕ ಕಾಯಬೇಕಾಗುತ್ತಿತ್ತು.

ಅಂಥವನು ಒಂದು ಭಾನುವಾರ ಬರಲಿಲ್ಲ. ಮತ್ತೊಂದು ಭಾನುವಾರವೂ ಬರಲಿಲ್ಲ. ಬಿಂದುಮಾಧವ ಅವನ ಮನೆಗೆ ಫೋನ್ ಮಾಡಿದ. ಯಾರೋ ಎತ್ತಿದರು.

“ಮಲಕಪ್ಪಾ? ಏ ಮಲಕಪ್ಪಾ, ಎಲ್ಲಿ ಹೋಗಿ ಮಾರಾಯಾ?”

ಮಾತಿಲ್ಲ. ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು. ಆಮೇಲೆ ಯಾರೋ ರಿಸೀವರನ್ನು ಬೆರಳಿನಿಂದ ಬಡಿದ ಹಾಗೆ ಟಕ್ ಟಕ್ ಎಂದಿತು. ಬಿಂದುಮಾಧವ ಎರಡು ಸಲ ಕೂಗಿದ. ಮತ್ತೆ ಟಕ್ ಟಕ್. ಆಮೇಲೆ ಅತ್ತಲಿಂದ ಫೋನ್ ಇಟ್ಟ ಸದ್ದು.

“ನನ್ನ ದನಿ ಕೇಳಿ ಫೋನ್ ಇಟ್ನಲ್ಲ! ಹೋದ ವರ್ಷ ಕರಪತ್ರದಾಗ ಹೆಸರು ಸಣ್ಣದಾತು ಅಂತ ಗೊಣಗಿದ್ದ, ಇನ್ನೂ ಅದನ್ನ ಹಿಡಕೊಂಡು ಕೂತಾನ” ಎಂದು ಬಿಂದುಮಾಧವ ತಾಲೀಮಿನಲ್ಲಿ ಎಲ್ಲರೆದುರು ಕುದಿದ. ನರ್ಮದಾ, “ಹಂಗಲ್ರೀ, ಒಮ್ಮೆ ಮನೀಗೆ ಹೋಗಿ ಬರ್ರಿ” ಎಂದಳು. ಅವನು ಹೋಗಲಿಲ್ಲ. ಸಿಟ್ಟಿನಲ್ಲೇ ಅತ್ತೆಯ ಪಾತ್ರವನ್ನು ಓಂಕಾರನಿಗೆ ಕೊಟ್ಟು, ಹೊಸ ಪಾತ್ರವರ್ಗವನ್ನು ಎಲ್ಲರಿಗೂ ಮೇಲ್ ಮಾಡಿದ. ಓಂಕಾರ್ ಕಡ್ಡಿಯಂಥ ಹುಡುಗ. ಸೀರೆ ಅವನ ಸೊಂಟದಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಇದೆಲ್ಲ ಶೈಲಶ್ರೀಗೆ ಗೊತ್ತೇ ಇರಲಿಲ್ಲ. ಅವಳು ನಾಟಕದವಳಲ್ಲ, ತಂಡದ ಮೇಲ್‌ಗಳನ್ನು ಓದುವುದೂ ಇಲ್ಲ, ಅವು ಸರಿಯಾಗಿ ಗುಂಪಾಗಿವೆಯೇ ಎಂದು ನೋಡುವುದಷ್ಟೆ. ಅದರ ಮುಂದಿನ ಭಾನುವಾರ ತಳೇಗಾಂವದ ಮಾಮಾನ ಮನೆಗೆ ಊಟಕ್ಕೆ ಹೋದವಳು, ಊಟವಾದ ಮೇಲೆ ಅವನ ಕಂಪ್ಯೂಟರಿನ ಮುಂದೆ ಕೂತಳು. ಪಟ್ಟಿ ಉದ್ದವಾದರೆ ಪ್ರೋಗ್ರಾಂ ನಿಧಾನವಾಗುತ್ತದೆಯೇ ಎಂದು ನೋಡಲು ಕೆಳಗೆ, ಇನ್ನೂ ಕೆಳಗೆ ಸರಿಸುತ್ತ ಹೋದಳು. ಮೊದಲ ಪುಟ ದಾಟಿತು, ಎರಡನೆಯದು ದಾಟಿತು. ಮೂರನೆಯ ಪುಟದ ನಡುವೆ, ಜುಲೈ ತಿಂಗಳ ಹಳೆಯ ಮೇಲ್‌ಗಳ ಸಾಲಿನಲ್ಲಿ, ‘ಚಹಾ-ಚುರಮುರಿ’ ಎಂಬ ಗುಂಪು ದಪ್ಪಕ್ಷರದಲ್ಲಿತ್ತು. ದಪ್ಪಕ್ಷರವೆಂದರೆ ಒಳಗೆ ಓದದ ಮೇಲ್ ಇದೆ ಎಂದರ್ಥ.

ಮೊದಲ ತಾಲೀಮಿಗೆ ಯಾರು ಚಹಾ ತರುವುದು, ಯಾರು ಚುರಮುರಿ ತರುವುದು ಎಂಬ ಮಾತುಕತೆ ಅದು. ಜುಲೈನಲ್ಲೇ ಮುಗಿದದ್ದು. ಶೈಲಶ್ರೀ ಒತ್ತಿ ಬಿಚ್ಚಿದಳು. ಕೊನೆಯಲ್ಲಿ ಮಲಕಪ್ಪನ ಮೂರು ಮೇಲ್‌ಗಳಿದ್ದವು.

ಮೊದಲನೆಯದು: “ಬಿಂದು, ಗಂಟಲಾಗ ಗಂಟು ಆಗ್ಯಾವಂತ. ಡಾಕ್ಟರ್ ಪೂರಾ ಬಾಯಿ ಮುಚ್ಚು ಅಂದಾರು, ಪಿಸುಮಾತು ಸೈತ ಬ್ಯಾಡಂತ. ಪಾರವ್ವ ತನ್ನ ತಂಗಿ ಬಾಣಂತನಕ್ಕ ಜಮಖಂಡಿಗೆ ಹೋಗ್ಯಾಳ, ಫೋನ್ ಮಾಡಾಕ ಮನ್ಯಾಗ ಯಾರೂ ಇಲ್ಲ. ಅದಕ್ಕ ಮೇಲ್ ಹಾಕೀನಿ. ನಾಟಕದ ಹೊತ್ತಿಗೆ ಆರಾಮ ಆಕ್ಕೈತಿ. ಅಲ್ಲೀತನಕ ನನ್ನ ಮಾತು ಯಾರರ ಓದ್ರಿ.”

ಎರಡನೆಯದು: “ಯಾರೂ ಒಂದು ಅಕ್ಷರ ಬರೀಲಿಲ್ಲ. ಮೇಲ್ ಮುಟ್ಟೇತೋ ಇಲ್ಲೋ?”

ಮೂರನೆಯದು ನಾಲ್ಕು ದಿನದ ಹಿಂದಿನದು: “ಓಂಕಾರಗ ಪಾತ್ರ ಕೊಟ್ಟದ್ದು ಓದಿದ್ನಿ. ಒಳ್ಳೇದಾಗ್ಲಿ. ಇಷ್ಟು ವರ್ಷ ಕೂಡಿ ಆಡಿದ್ವಿ, ಹೆಂಗ ಅದೀಪಾ ಅಂತ ಒಂದು ಮಾತು ಕೇಳಬಹುದಿತ್ತು.”

ಏನಾಗಿದೆ ಎಂದು ಶೈಲಶ್ರೀಗೆ ಒಂದು ಗಳಿಗೆಯಲ್ಲೇ ಹೊಳೆಯಿತು. ಮಲಕಪ್ಪ ಹೊಸ ಮೇಲ್ ಬರೆದಿರಲಿಲ್ಲ. ಜುಲೈ ತಿಂಗಳ ಚಹಾದ ಮೇಲ್ ತೆಗೆದು ‘ಎಲ್ಲರಿಗೂ ಉತ್ತರ’ ಒತ್ತಿ, ಅದರಲ್ಲೇ ಬರೆದಿದ್ದ. ಅವಳ ಪ್ರೋಗ್ರಾಂ ಬಲು ನಿಷ್ಠೆಯಿಂದ ಸಂಖ್ಯೆಯ ಜಾಡು ಹಿಡಿದು, ಅದನ್ನು ಚಹಾದ ಗುಂಪಿಗೆ ಸೇರಿಸಿತ್ತು. ಆ ಗುಂಪಿನ ಮೊದಲ ಮೇಲ್ ಜುಲೈನದಾದ್ದರಿಂದ ಇಡೀ ಗುಂಪು ಜುಲೈನ ಜಾಗದಲ್ಲೇ ಕೂತಿತ್ತು. ತಂಡದ ಎಲ್ಲರ ಮನೆಯಲ್ಲೂ ಅದೇ ಪ್ರೋಗ್ರಾಂ. ಎಲ್ಲರ ಮನೆಯಲ್ಲೂ ಮಲಕಪ್ಪ ಮೂರನೆಯ ಪುಟದಲ್ಲೇ ಇದ್ದ.

“ಮಾಮಾ, ಇಲ್ಲೆ ಬಾ. ಇದನ್ನ ಓದು.”

ಬಿಂದುಮಾಧವ ಕನ್ನಡಕ ಏರಿಸಿಕೊಂಡು ನಿಂತೇ ಓದಿದ. ಮೂರನೆಯದು ಮುಗಿದದ್ದೇ ಮೊದಲನೆಯದನ್ನು ಮತ್ತೆ ಓದಿದ.

“ಫೋನಿನಾಗ ಟಕ್ ಟಕ್ ಅಂದದ್ದು ಅದಕ್ಕ” ಎಂದ. “ನಾ ಎಲ್ಲಾರ ಮುಂದ ಅವಂಗ ಏನೇನರೆ ಅಂದೆ ಶೈಲೂ.”

“ತಪ್ಪು ನಿಂದಲ್ಲ. ನನ್ನ ಪ್ರೋಗ್ರಾಂದು.”

“ಪ್ರೋಗ್ರಾಂ ಅವನ್ನ ಬೈಲಿಲ್ಲಲ್ಲ, ಬೈದಾಂವ ನಾನು. ನಡಿ, ಸ್ಕೂಟರ್ ತಗೀ.”

ತಳೇಗಾಂವದಿಂದ ಕೊಂಢವಾ ಅಂದರೆ ಪುಣೆಯ ಈ ತುದಿಯಿಂದ ಆ ತುದಿ. ಬಿಸಿಲಲ್ಲಿ ಸ್ಕೂಟರ್ ಓಡಿಸುತ್ತಿದ್ದ ಶೈಲಶ್ರೀಯ ಬೆನ್ನ ಹಿಂದೆ ಮಾಮಾ ದಾರಿಯುದ್ದಕ್ಕೂ ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದ. ಒಮ್ಮೆ ಗಂಭೀರವಾಗಿ, ಒಮ್ಮೆ ನಗಿಸುವ ಹಾಗೆ. ಆದರೆ ಅಂಗಡಿಯ ಮೆಟ್ಟಿಲು ಹತ್ತಿ, ಗಲ್ಲಾದ ಮೇಜಿನ ಹಿಂದೆ ಕೂತ ಮಲಕಪ್ಪನ ಮುಖ ಕಂಡದ್ದೇ ತಡ, ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು.

“ಲೇ, ಗಂಟಲಾಗ ಗಂಟು ಅಂದ್ರ ಏನಲೇ? ಒಬ್ಬನ ಕೂತು ಅನುಭವಿಸಬೇಕೇನು? ಒಂದು ಆಟೋ ಮಾಡಿಕೊಂಡು ನಮ್ಮ ಮನೀಗೆ ಬರೋದು ಬಿಟ್ಟು!” ಎಂದು ಜೋರು ಮಾಡಿದ.

ಮಲಕಪ್ಪ ಎದ್ದು ನಿಂತ. ಬಾಯಿ ತೆರೆದ, ನೆನಪಾಗಿ ಮುಚ್ಚಿದ. ಮೇಜಿನ ಮೇಲೆ ಬಚ್ಚಲುಮನೆಗೆ ಹಚ್ಚುವ ಒಂದು ಬಿಳಿಯ ಟೈಲ್ ಇತ್ತು, ಪಕ್ಕದಲ್ಲಿ ಸ್ಕೆಚ್ ಪೆನ್ ಮತ್ತು ಒದ್ದೆ ಅರಿವೆ. ಗಿರಾಕಿಗಳ ಜೊತೆ ಅವನ ವ್ಯವಹಾರವೆಲ್ಲ ಈಗ ಅದರ ಮೇಲೆಯೇ. ಟೈಲ್ ಎಳೆದುಕೊಂಡು ಬರೆದು ತಿರುಗಿಸಿ ಹಿಡಿದ: “ಮೇಲ್ ಹಾಕಿದ್ನಿ.”

“ನಾ ಇವತ್ತ ನೋಡಿದೆ!”

ಅರಿವೆಯಿಂದ ಒರೆಸಿ ಮತ್ತೆ ಬರೆದ: “ಸುಳ್ಳು.”

“ಸುಳ್ಳಲ್ಲೋ! ಫೋನ್ ಮಾಡಿದಾಗರೆ…”

“ಟಕ್ ಟಕ್ ಮಾಡಿದ್ನಿ.”

“ಟಕ್ ಟಕ್ ಅಂದ್ರ ನನಗೇನ್ ತಿಳೀಬೇಕು? ನಾ ಏನ್ ತಾರ್ ಆಫೀಸಿನಾಗ ಇದ್ನೇನು?”

ಒಬ್ಬ ಕೂಗುವುದು, ಇನ್ನೊಬ್ಬ ಸಿಟ್ಟಿನಿಂದ ಒರೆಸಿ ಒರೆಸಿ ಬರೆಯುವುದು. ಬೇಸಿನ್ ಕೊಳ್ಳಲು ಬಂದಿದ್ದ ಗಂಡಹೆಂಡತಿ ವ್ಯಾಪಾರ ಬಿಟ್ಟು ಇವರನ್ನೇ ನೋಡುತ್ತ ನಿಂತರು. ಮಲಕಪ್ಪನ ಅಕ್ಷರ ದೊಡ್ಡದಾಗುತ್ತ ಹೋಗಿ ಕೊನೆಗೆ ಟೈಲ್ ಮೇಲೆ ಒಂದೇ ಪದ ಹಿಡಿಸುವಂತಾಯಿತು. ಆ ಪದ “ಓಂಕಾರ!”

“ಕಾಕಾ, ನಾ ಹೇಳ್ತೀನ್ರಿ, ಒಂದೀಟು ಕೇಳ್ರಿ” ಎಂದು ಶೈಲಶ್ರೀ ನಡುವೆ ಬಂದಳು. “ನೀವು ಹಾಕಿದ್ದ ಮೇಲ್ ಎಲ್ಲಾರಿಗೂ ಮುಟ್ಟೇದ. ಆದ್ರ ಯಾರಿಗೂ ಕಾಣಿಸಿಲ್ಲ. ಮುಚ್ಚಿಟ್ಟಾಕಿ ನಾನು.”

ಮಲಕಪ್ಪ ಹುಬ್ಬು ಗಂಟಿಕ್ಕಿದ. ಅವಳು ಅಂಗಡಿಯ ಒಳಗೆ ಕೈ ತೋರಿಸಿದಳು. ಗೋಡೆಯುದ್ದಕ್ಕೂ ಟೈಲ್ಸ್ ಡಬ್ಬಿಗಳ ಅಟ್ಟಿಗಳಿದ್ದವು.

“ನೋಡ್ರಿ, ಆ ನೀಲಿ ಹೂವಿನ ಟೈಲ್ಸ್ ಹಿಂದ ಮೂಲ್ಯಾಗ ಅದ. ಇವತ್ತ ಅದರದ ಹೊಸ ಡಬ್ಬಿ ಬಂತು ಅಂದ್ರ ಎಲ್ಲಿಡ್ತೀರಿ? ಆ ಅಟ್ಟೀ ಮ್ಯಾಲೇ ಇಡ್ತೀರಿ. ಬಾಗಲ್ದಾಗ ನಿಂತ ಗಿರಾಕಿಗೆ ಹೊಸಾ ಮಾಲು ಬಂದದ ಅಂತ ಹೆಂಗ ಗೊತ್ತಾಗಬೇಕು? ನೀವು ಚಹಾದ ಮೇಲ್‌ದಾಗ ಬರದ್ರಿ. ನನ್ನ ಪ್ರೋಗ್ರಾಂ ಅದನ್ನ ಜುಲೈ ತಿಂಗಳ ಚಹಾದ ಅಟ್ಟಿಗೆ ಇಟ್ಟು ಸುಮ್ಮನಾತು. ಆ ಅಟ್ಟೀನ ಎತ್ತಿ ಮುಂದ ತರಬೇಕು ಅನ್ನೋದು ನನಗ ಹೊಳೀಲಿಲ್ಲ.”

ಮಲಕಪ್ಪ ಆ ಅಟ್ಟಿಯನ್ನು ನೋಡಿದ, ಅವಳನ್ನು ನೋಡಿದ. ನಿಧಾನವಾಗಿ ಬರೆದ: “ಎಲ್ಲಾರ ವಿಳಾಸ ಬಡಿಯಾಕ ಬ್ಯಾಸರ. ಹಳೇದರಾಗ ಉತ್ತರ ಒತ್ತಿದ್ರ ತಾನ ಬರ್ತಾವ.”

“ಎಲ್ಲಾರೂ ಹಂಗ ಮಾಡ್ತಾರ್ರಿ. ಅದರಾಗ ನಿಮ್ಮ ತಪ್ಪಿಲ್ಲ.”

ಮಲಕಪ್ಪನ ಭುಜ ಕುಣಿಯತೊಡಗಿತು. ಅವನು ನಗುತ್ತಿದ್ದ, ಸದ್ದಿಲ್ಲದೆ, ಒಂದು ಕೈಯಿಂದ ಗಂಟಲು ಒತ್ತಿ ಹಿಡಿದುಕೊಂಡು. “ಏ, ನಗಬ್ಯಾಡೋ, ಗಂಟಲಿಗೆ ಬಡೀತದ!” ಎಂದು ಬಿಂದುಮಾಧವ ಗಾಬರಿಯಾಗಿ ನೀರು ಹುಡುಕಿದ. ಕೊಡುತ್ತ, ತಗ್ಗಿದ ದನಿಯಲ್ಲಿ, “ತಪ್ಪಾತಪ್ಪಾ. ನಿನಗ ಒಂದು ಮಾತು ಕೇಳದ ಪಾತ್ರ ಕೊಟ್ಟುಬಿಟ್ಟೆ. ನಾಳಿಂದ ಮತ್ತ ನಿಂದ” ಎಂದ.

ಮಲಕಪ್ಪ ಬೇಡವೆಂದು ತಲೆಯಾಡಿಸಿದ. ಟೈಲ್ ಮೇಲೆ ಬರೆದದ್ದನ್ನು ಸ್ವಲ್ಪ ಹೊತ್ತು ತನ್ನ ಕಡೆಗೇ ಹಿಡಿದುಕೊಂಡಿದ್ದು ಆಮೇಲೆ ತಿರುಗಿಸಿದ: “ಡಾಕ್ಟರ್ ಇನ್ನೂ ಎರಡು ತಿಂಗಳ ಅಂದಾರು. ಓಂಕಾರನ ಮಾಡ್ಲಿ. ಆ ಹುಡುಗನ್ನ ಇಲ್ಲಿಗೆ ಕಳಸು.”

ಮರುದಿನ ಶೈಲಶ್ರೀ ಆಫೀಸಿನಲ್ಲಿ ಸ್ವಪ್ನಿಲ್‌ನ ಎದುರು ಕೂತು ಎಲ್ಲವನ್ನೂ ಹೇಳಿದಳು. ಗುಂಪಿನ ಮೊದಲ ಮೇಲ್‌ನ ತಾರೀಖು ನೋಡುವುದು ಬೇಡ, ಕೊನೆಯ ಮೇಲ್‌ನದನ್ನು ನೋಡೋಣ. ಯಾವ ಗುಂಪಿಗೆ ಹೊಸದು ಬಂತೋ ಅದು ಮೇಲಕ್ಕೆ ಬರಲಿ ಎಂದಳು.

ಸ್ವಪ್ನಿಲ್ ಮರಾಠಿಯಲ್ಲಿ, “ಓದುತ್ತ ಕೂತಾಗ ಸಾಲುಗಳು ಮೇಲೆ ಕೆಳಗೆ ಕುಣಿದರೆ ಜನಕ್ಕೆ ತಲೆ ತಿರುಗುತ್ತದೆ. ನಿನ್ನೆ ಇಟ್ಟದ್ದು ಇವತ್ತು ಇಟ್ಟಲ್ಲೇ ಸಿಗಬೇಕು. ಒಬ್ಬ ಟೈಲ್ಸ್ ಅಂಗಡಿಯವನಿಗೋಸ್ಕರ ಎಲ್ಲ ಬದಲಿಸಲಾಗುತ್ತದೆಯೇ?” ಎಂದ.

ಅವನ ಮಾತಿನಲ್ಲೂ ಹುರುಳಿತ್ತು. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂತು. “ಇಟ್ಟಲ್ಲೇ ಸಿಗುವುದು ಹಳೆಯ ಮೇಲ್. ಹೊಸದು ಬಂದದ್ದೇ ಗೊತ್ತಾಗದಿದ್ದರೆ ಹುಡುಕುವುದಾದರೂ ಏನನ್ನ? ನಾನೇ ಬರೆದ ಪ್ರೋಗ್ರಾಂ, ನನಗೇ ಕಾಣಲಿಲ್ಲ” ಎಂದಳು. ವಾದ ಬಾಕರವಡಿಯ ಹೊತ್ತಿನವರೆಗೂ ನಡೆಯಿತು. ತಿನ್ನುತ್ತ ತಿನ್ನುತ್ತ ಒಂದು ರಾಜಿಗೆ ಬಂದರು. ಮೇಲ್ ಓದುತ್ತ ಕೂತಿರುವಷ್ಟು ಹೊತ್ತು ಯಾವ ಸಾಲೂ ಅಲುಗಾಡಬಾರದು. ಓದಿ ಮುಗಿಸಿ ಪಟ್ಟಿಗೆ ಮರಳಿದಾಗ ಹೊಸದು ಬಂದ ಗುಂಪು ತಲೆಯ ಮೇಲಿರಬೇಕು. ಓದದ ಮೇಲ್ ಮಡಿಕೆಯೊಳಗೆ ಅಡಗದೆ ಬಿಚ್ಚಿಕೊಂಡೇ ಕಾಣಬೇಕು. ಯಾರಾದರೂ ತಲೆಬರಹವನ್ನು ಪೂರ್ತಿ ಬದಲಿಸಿ ಬರೆದರೆ ಅದನ್ನು ಹೊಸ ಮಾತುಕತೆಯೆಂದೇ ಎಣಿಸಬೇಕು ಎಂಬುದನ್ನು ಶೈಲಶ್ರೀ ತಾನೇ ಸೇರಿಸಿದಳು. ಹಳೆಯ ಕ್ರಮವೇ ಬೇಕೆನ್ನುವವರಿಗೆ ಮೆನುವಿನಲ್ಲಿ ಒಂದು ಆಯ್ಕೆ ಇಡಲು ಸ್ವಪ್ನಿಲ್ ಹೇಳಿದ, ಇಟ್ಟಳು. ಮುಂದೆ ಆ ಆಯ್ಕೆಯನ್ನು ಬಳಸಿದವನು ಅವನೊಬ್ಬನೇ.

ಬರೆಯಲು ಒಂದು ವಾರ ಹಿಡಿಯಿತು. ಕೊಂಢವಾದ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಆಗಲೇ ಬೇರೊಂದು ಶಾಲೆ ಶುರುವಾಗಿತ್ತು. ಕೆಲಸ ಮುಗಿಸಿ ಬಂದ ಓಂಕಾರ್ ಪ್ಯಾಂಟಿನ ಮೇಲೆ ಸೀರೆ ಸುತ್ತಿ ನಿಲ್ಲುವುದು, ಮಲಕಪ್ಪ ಮಾತಿಲ್ಲದೆ ಕಲಿಸುವುದು. ಅತ್ತೆ ಹೇಗೆ ಬಾಗಿಲಲ್ಲಿ ನಿಂತು ಸೊಸೆಯ ತವರಿನ ಗಂಟನ್ನು ಕಣ್ಣಲ್ಲೇ ತೂಗುತ್ತಾಳೆ, ಹೇಗೆ ಮೊಣಕಾಲು ಹಿಡಿದು ಏಳುತ್ತಾಳೆ, ಸಿಟ್ಟು ಬಂದಾಗ ಸೆರಗನ್ನು ಯಾವ ಭುಜಕ್ಕೆ ಎಸೆಯುತ್ತಾಳೆ, ಎಲ್ಲವನ್ನೂ ಆ ದೊಡ್ಡ ಮೈಯಿಂದ ಮಾಡಿ ತೋರಿಸುತ್ತಿದ್ದ. ಹುಡುಗ ತಪ್ಪಿದರೆ ಹಣೆ ಚಚ್ಚಿಕೊಳ್ಳುತ್ತಿದ್ದ. ಜಮಖಂಡಿಯಿಂದ ಮರಳಿದ ಪಾರವ್ವ, ಗಂಡ ಇಷ್ಟು ದಿನ ಸುಮ್ಮನಿದ್ದದ್ದನ್ನು ಮೊದಲ ಸಲ ಕಂಡವಳು, ಇಬ್ಬರಿಗೂ ಚಹಾ ಕೊಟ್ಟು ಡಬ್ಬಿಗಳ ಮೇಲೆ ಕೂತು ನೋಡುತ್ತಿದ್ದಳು. “ಈ ಹುಡುಗ ನಮ್ಮತ್ತಿ ಹಂಗ ಕಾಣಾಕ ಹತ್ಯಾನ” ಎಂದು ಅವಳು ಒಂದು ಸಂಜೆ ಅಂದಳು. ಮಲಕಪ್ಪ ಓಂಕಾರನ ಬೆನ್ನು ತಟ್ಟಿದ. ಅತ್ತೆಯ ಪಾತ್ರವನ್ನು ಅವನು ಕಟ್ಟಿದ್ದೇ ತನ್ನ ತಾಯಿಯನ್ನು ನೋಡಿ.

ನಾಟಕದ ದಿನ ಹಾಲ್ ತುಂಬಿತ್ತು. ಮಲಕಪ್ಪ ಮೊದಲ ಸಾಲಿನಲ್ಲಿ, ಕೈಯಲ್ಲಿ ದೊಡ್ಡ ಕರ್ಚೀಫ್ ಹಿಡಿದು ಕೂತಿದ್ದ. ನಗು ಬಂದರೆ ಬಾಯಿಗೆ ತುರುಕಿಕೊಳ್ಳಲು ಪಾರವ್ವ ಕೊಟ್ಟದ್ದು. ಪರದೆ ಸರಿಯಿತು. ಓಂಕಾರನಿಗೆ ಮಲಕಪ್ಪನ ದನಿ ಎಲ್ಲಿಂದ ಬರಬೇಕು? ಅವನು ಆ ದನಿಗೆ ಕೈ ಹಾಕಲೇ ಇಲ್ಲ. ಬಾಗಿಲಲ್ಲಿ ನಿಂತ. ಸೊಸೆಯ ಗಂಟನ್ನು ನೋಡಿದ. ಸೊಸೆಯನ್ನು ನೋಡಿದ. ಮತ್ತೆ ಗಂಟನ್ನು ನೋಡಿ ಸಣ್ಣ ದನಿಯಲ್ಲಿ “ಇಷ್ಟ ಏನು?” ಎಂದ. ಹಾಲ್ ಒಮ್ಮೆಗೇ ಗೊಳ್ಳೆಂದಿತು. ಶೈಲಶ್ರೀ ರಂಗದ ಕಡೆ ನೋಡುವುದನ್ನು ಬಿಟ್ಟು ಮೊದಲ ಸಾಲಿನ ಕಡೆ ನೋಡಿದಳು. ಮಲಕಪ್ಪನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದನೋ, ಕಣ್ಣೊರೆಸಿಕೊಳ್ಳುತ್ತಿದ್ದನೋ, ಹಿಂದಿನಿಂದ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು, ಪರದೆ ಬಿದ್ದ ಮೇಲೆ ಎಲ್ಲರಿಗಿಂತ ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವನು ಅವನೇ.

ಸಂಕ್ರಾಂತಿಯ ಹೊತ್ತಿಗೆ ಡಾಕ್ಟರ್ ಮಾತಾಡಲು ಅಪ್ಪಣೆ ಕೊಟ್ಟರು. ದನಿ ಮೊದಲಿನಷ್ಟಕ್ಕೆ ಬರಲಿಲ್ಲ. ಬಸ್ ಸ್ಟಾಪಿನ ತನಕ ಹೋಗದೆ ಪಕ್ಕದ ಅಂಗಡಿಯಲ್ಲೇ ನಿಲ್ಲುತ್ತಿತ್ತು. ರಂಗಕ್ಕೆ ಅಷ್ಟು ಸಾಕು ಎಂದ ಬಿಂದುಮಾಧವ. ಆದರೆ ಈಗ ಓಂಕಾರನನ್ನು ಬಿಡುವುದಕ್ಕೂ ಅವನಿಗೆ ಮನಸ್ಸಿಲ್ಲ. ಬೇಸಿಗೆಯೆಲ್ಲ ತಲೆ ಕೆಡಿಸಿಕೊಂಡು ಕೊನೆಗೆ ಎಲ್ಲರಿಗೂ ಮೇಲ್ ಮಾಡಿದ. ಈ ಸಲ ಗಂಡನ ತಾಯಿಯಷ್ಟೇ ಅಲ್ಲ, ಗಂಡನ ಅಜ್ಜಿಯೂ ಬದುಕಿದ್ದಾಳೆ, ಹೊಸ ನಾಟಕದಲ್ಲಿ ಇಬ್ಬರು ಅತ್ತೆಯರು. ಮಲಕಪ್ಪನ ಉತ್ತರ ಅರ್ಧ ಗಂಟೆಯಲ್ಲಿ ಬಂತು:

“ಅಜ್ಜಿ ಪಾತ್ರ ನಂದು. ಓಂಕಾರನ್ನ ಬಯ್ಯು ಮಾತು ಭಾಳ ಇರಲಿ.”